ಪಟ್ಟಿ ಸರಿಸುವ ಅಂಕಿ ಆಟ ಸರಿಯಾಗಿ ನಡೆಯದಿದ್ದಾಗ: ಲಕ್ಷಣ ನೋಡಿ ದೋಷ ಪತ್ತೆ ಹಚ್ಚುವ ಕೈಪಿಡಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ, ವಾಚನಾಲಯಗಳಲ್ಲಿ, ಮನೆಗಳಲ್ಲಿ ಮಕ್ಕಳು ಕಂಪ್ಯೂಟರಿನಲ್ಲಿ ಪಟ್ಟಿ ಸರಿಸುವ ಅಂಕಿ ಆಟ ಆಡುವಾಗ ‘ಆಟ ಹಾಳಾಗಿದೆ’ ಎಂಬ ದೂರು ಆಗಾಗ ಬರುತ್ತದೆ. ದೂರು ಬಂದ ಕೂಡಲೇ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವುದು ಹಲವರ ರೂಢಿ. ಅದರಿಂದ ಪ್ರಯೋಜನವಾಗುವುದು ತೀರಾ ಅಪರೂಪ. ಏಕೆಂದರೆ ಇಂಥ ದೂರುಗಳ ಬೇರು ಹೆಚ್ಚಾಗಿ ಮೌಸ್ ಮತ್ತು ಕೀಬೋರ್ಡಿನಲ್ಲಿರುತ್ತದೆ, ಇಲ್ಲವೇ ಯಾರೋ ಬದಲಿಸಿಟ್ಟ ಒಂದು ಆಯ್ಕೆಯಲ್ಲಿರುತ್ತದೆ, ಅದೂ ಅಲ್ಲದಿದ್ದರೆ ಆಟದ ಗಣಿತದಲ್ಲೇ ಇರುತ್ತದೆ. ಮೂರರಲ್ಲಿ ಯಾವುದು ಎಂದು ಮೊದಲು ಗೊತ್ತುಮಾಡಿಕೊಂಡರೆ ಸಮಯವೂ ಹಣವೂ ಉಳಿಯುತ್ತವೆ.

ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವುದು ಸೈಮನ್ ಟ್ಯಾಥಮ್ ಅವರ ಉಚಿತ ಪಜಲ್ ಸಂಗ್ರಹದಲ್ಲಿರುವ ‘ಸಿಕ್ಸ್‌ಟೀನ್’ ಎಂಬ ಆಟ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ‘ಕೈಟ್ ಗ್ನು ಲಿನಕ್ಸ್’ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಸಿದ್ಧಪಡಿಸಿದ್ದು ಶಾಲೆಗಳ ತಂತ್ರಜ್ಞಾನದ ಹೊಣೆ ಹೊತ್ತ ಸರಕಾರಿ ಸಂಸ್ಥೆಯಾದ ಕೈಟ್. ಅದು ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಆಧರಿಸಿದ್ದು, ಉಬುಂಟುವಿನ ಭಂಡಾರದಲ್ಲಿ ಈ ಸಂಗ್ರಹ ‘ಎಸ್‌ಜಿಟಿ-ಪಜಲ್ಸ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಚೌಕದಲ್ಲಿ 1ರಿಂದ 16ರವರೆಗಿನ ಬಿಲ್ಲೆಗಳು ಇರುತ್ತವೆ. ಖಾಲಿ ಮನೆ ಇರುವುದಿಲ್ಲ. ಒಂದು ನಡೆಯಲ್ಲಿ ಒಂದು ಇಡೀ ಸಾಲು, ಅಂದರೆ ಒಂದು ಪಟ್ಟಿ, ಒಂದು ಮನೆಯಷ್ಟು ಸರಿಯುತ್ತದೆ. ಅಂಚಿನಿಂದ ಹೊರಗೆ ಹೋದ ಬಿಲ್ಲೆ ಅದೇ ಪಟ್ಟಿಯ ಇನ್ನೊಂದು ತುದಿಯಿಂದ ಒಳಗೆ ಬರುತ್ತದೆ. ಎಲ್ಲ ಅಂಕಿಗಳನ್ನು ಕ್ರಮವಾಗಿ ಜೋಡಿಸಿದರೆ ಆಟ ಮುಗಿಯಿತು. ಕಂಪ್ಯೂಟರಿನಲ್ಲಿ ಇದರ ಮೆನು ಇಂಗ್ಲಿಷಿನಲ್ಲಿರುವುದರಿಂದ ಅಲ್ಲಿ ಕಾಣುವ ಪದಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದಿದ್ದೇನೆ.

ಬಿಲ್ಲೆಯನ್ನು ಒತ್ತಿದರೂ ಎಳೆದರೂ ಏನೂ ಆಗುವುದಿಲ್ಲ

ಇದು ದೋಷವಲ್ಲ. ಮೊಬೈಲಿನಲ್ಲಿ ಬೆರಳಿನಿಂದ ಎಳೆದು ಆಡುವ ಆಟಗಳನ್ನು ರೂಢಿ ಮಾಡಿಕೊಂಡವರು ಇಲ್ಲಿಯೂ ಬಿಲ್ಲೆಯನ್ನೇ ಎಳೆಯಲು ನೋಡುತ್ತಾರೆ. ಈ ಆಟದಲ್ಲಿ ಮೌಸಿನಿಂದ ಒತ್ತಬೇಕಾದದ್ದು ಚೌಕದ ಹೊರಗೆ ಸುತ್ತಲೂ ಇರುವ ಬಾಣಗಳನ್ನು. ಬಾಣಗಳೇ ಕಾಣಿಸದಿದ್ದರೆ ಕಿಟಕಿ ಪರದೆಯ ಅಂಚಿನಿಂದ ಹೊರಗೆ ಹೋಗಿರಬಹುದು. ಟೈಪ್ ಮೆನುವಿನಲ್ಲಿ ಯಾರಾದರೂ ದೊಡ್ಡ ಚೌಕವನ್ನು ಆರಿಸಿಟ್ಟಿದ್ದರೆ ಹೀಗಾಗುತ್ತದೆ. ಕಿಟಕಿಯ ಮೂಲೆಯನ್ನು ಹಿಡಿದು ಕುಗ್ಗಿಸಿದರೆ ಬಿಲ್ಲೆಗಳೂ ಅದಕ್ಕೆ ತಕ್ಕಂತೆ ಚಿಕ್ಕದಾಗುತ್ತವೆ.

ಪಟ್ಟಿ ಬಾಣದ ಎದುರು ದಿಕ್ಕಿಗೆ ಸರಿಯುತ್ತದೆ

ಬಾಣದ ಮೇಲೆ ಮೌಸಿನ ಎಡಗುಂಡಿ ಒತ್ತಿದರೆ ಪಟ್ಟಿ ಬಾಣ ತೋರಿಸುವ ಕಡೆಗೂ, ಬಲಗುಂಡಿ ಒತ್ತಿದರೆ ಅದರ ವಿರುದ್ಧಕ್ಕೂ ಸರಿಯಬೇಕೆಂಬುದು ಆಟದ ನಿಯಮವೇ. ಆದ್ದರಿಂದ ಎಡಗುಂಡಿ ಒತ್ತಿದಾಗಲೂ ಪಟ್ಟಿ ಎದುರು ದಿಕ್ಕಿಗೆ ಹೋಗುತ್ತಿದ್ದರೆ, ಕಂಪ್ಯೂಟರಿನ ಮೌಸ್ ಆಯ್ಕೆಗಳಲ್ಲಿ ಎಡಗೈಯವರಿಗಾಗಿ ಗುಂಡಿಗಳನ್ನು ಅದಲುಬದಲು ಮಾಡಿಟ್ಟಿರುತ್ತಾರೆ. ಕಡತಗಳಿರುವ ಕಿಟಕಿಯಲ್ಲಿ ಎಡಗುಂಡಿ ಒತ್ತಿ ನೋಡಿ. ಅಲ್ಲಿಯೂ ಬಲಗುಂಡಿಯ ಮೆನು ತೆರೆದುಕೊಂಡರೆ ಸಂಶಯಕ್ಕೆ ಎಡೆಯಿಲ್ಲ. ಒಂದೇ ಕಂಪ್ಯೂಟರನ್ನು ಎಡಗೈ ಮತ್ತು ಬಲಗೈ ಮಕ್ಕಳಿಬ್ಬರೂ ಬಳಸುವ ಕಡೆ ಗುಂಡಿಗಳನ್ನು ತಿರುಗಿಸುತ್ತಾ ಕೂರುವುದಕ್ಕಿಂತ ಬೇರೆ ಬೇರೆ ಲಾಗಿನ್ ಮಾಡಿಕೊಡುವುದು ಲೇಸು. ಎಡಗೈಯ ಮಗುವಿಗೆ ‘ನೀನೇ ಹಾಳು ಮಾಡಿದೆ’ ಎಂದು ಹೇಳುವ ಸಂದರ್ಭ ಬರಬಾರದು.

ಕೀಬೋರ್ಡಿನ ಅಕ್ಷರಗಳು ಕೆಲಸ ಮಾಡುವುದಿಲ್ಲ, ಅಥವಾ ಬಾಣದ ಕೀಲಿ ಒತ್ತಿದರೆ ತಾನಾಗಿ ಪಟ್ಟಿ ಸರಿಯುತ್ತದೆ

ಯು ಕೀಲಿಯಿಂದ ನಡೆಯನ್ನು ಹಿಂತೆಗೆಯುವುದು, ಆರ್ ಕೀಲಿಯಿಂದ ಹಿಂತೆಗೆದದ್ದನ್ನು ಮತ್ತೆ ನಡೆಸುವುದು, ಎನ್ ಕೀಲಿಯಿಂದ ಹೊಸ ಆಟ ತೆರೆಯುವುದು ಇಲ್ಲಿನ ವ್ಯವಸ್ಥೆ. ಇವು ಯಾವುವೂ ನಡೆಯದಿದ್ದರೆ ಪರದೆಯ ಮೂಲೆಯಲ್ಲಿರುವ ಭಾಷೆಯ ಗುರುತನ್ನು ನೋಡಿ. ನಮ್ಮ ಜಿಲ್ಲೆಯ ಕಂಪ್ಯೂಟರುಗಳಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ವಿನ್ಯಾಸಗಳು ಇರುವುದು ಸಾಮಾನ್ಯ. ಹಿಂದಿನ ತರಗತಿಯವರು ಮಲಯಾಳದಲ್ಲಿ ಟೈಪ್ ಮಾಡಿ ಹಾಗೆಯೇ ಬಿಟ್ಟು ಹೋಗಿದ್ದರೆ ಆಟಕ್ಕೆ ತಲುಪುವುದು ಇಂಗ್ಲಿಷ್ ಅಕ್ಷರವಲ್ಲ, ಮಲಯಾಳದ ಅಕ್ಷರ. ಆಟ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿಗೆ ಬದಲಿಸಿದರೆ ಸರಿಯಾಗುತ್ತದೆ.

ಎರಡನೆಯ ಲಕ್ಷಣ ಸ್ವಲ್ಪ ಗೊಂದಲ ಹುಟ್ಟಿಸುವಂಥದ್ದು. ಬಾಣದ ಕೀಲಿಗಳು ಸಾಮಾನ್ಯವಾಗಿ ಆಯ್ಕೆಯ ಗುರುತನ್ನು ಮಾತ್ರ ಆಚೀಚೆ ಒಯ್ಯುತ್ತವೆ. ಕಂಟ್ರೋಲ್ ಅದುಮಿ ಹಿಡಿದು ಬಾಣ ಒತ್ತಿದರೆ ಗುರುತಿನ ಕೆಳಗಿನ ಬಿಲ್ಲೆ ತನ್ನ ಪಟ್ಟಿಯೊಂದಿಗೆ ಸರಿಯುತ್ತದೆ, ಗುರುತೂ ಅದರೊಡನೆ ಹೋಗುತ್ತದೆ. ಶಿಫ್ಟ್ ಹಿಡಿದರೆ ಪಟ್ಟಿ ಸರಿದರೂ ಗುರುತು ಇದ್ದಲ್ಲೇ ನಿಲ್ಲುತ್ತದೆ. ಬಿಲ್ಲೆಯ ಮೇಲೆ ಗುರುತಿರುವಾಗ ಒಮ್ಮೆ ಎಂಟರ್ ಒತ್ತಿದರೆ ಕಂಟ್ರೋಲ್ ಹಿಡಿದಂತೆಯೂ, ಸ್ಪೇಸ್ ಒತ್ತಿದರೆ ಶಿಫ್ಟ್ ಹಿಡಿದಂತೆಯೂ ಆಗುತ್ತದೆ, ಮತ್ತು ಇನ್ನೊಮ್ಮೆ ಅದನ್ನೇ ಒತ್ತುವವರೆಗೆ ಹಾಗೆಯೇ ಉಳಿಯುತ್ತದೆ. ಮಗುವಿನ ಕೈ ತಾಗಿ ಎಂಟರ್ ಬಿದ್ದಿದ್ದರೆ, ಆಮೇಲೆ ಒತ್ತಿದ ಪ್ರತಿಯೊಂದು ಬಾಣಕ್ಕೂ ಪಟ್ಟಿ ಸರಿಯತೊಡಗುತ್ತದೆ. ಎಂಟರ್ ಕೀಲಿಯನ್ನೇ ಮತ್ತೊಮ್ಮೆ ಒತ್ತಿ ಬಿಡಿಸಿ. ಆಗಿಹೋದ ನಡೆಗಳನ್ನು ಯು ಒತ್ತಿ ಒಂದೊಂದಾಗಿ ಹಿಂತೆಗೆಯಿರಿ.

ಒಮ್ಮೆ ಒತ್ತಿದರೆ ಪಟ್ಟಿ ಎರಡು ಮನೆ ಸರಿಯುತ್ತದೆ

ಇದು ನಿಜವಾದ ದೋಷ, ಮತ್ತು ಬಹುಮಟ್ಟಿಗೆ ಮೌಸಿನದ್ದು. ಗುಂಡಿಯ ಅಡಿಯಲ್ಲಿರುವ ಚಿಕ್ಕ ಸ್ವಿಚ್ಚಿನ ತಗಡು ಸವೆದಾಗ ಅಥವಾ ಅದಕ್ಕೆ ಕಿಲುಬು ಹಿಡಿದಾಗ ಒಂದು ಒತ್ತಿಗೆ ಎರಡು ಸಂಪರ್ಕಗಳು ಉಂಟಾಗುತ್ತವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಮೌಸಿನ ಆಯುಷ್ಯ ಕಡಿಮೆ; ಬೇಸಗೆ ರಜೆಯಲ್ಲಿ ಮುಚ್ಚಿದ್ದ ಕೋಣೆಯನ್ನು ಜೂನ್ ಮಳೆಯಲ್ಲಿ ತೆರೆದಾಗ ಈ ದೂರು ಹೆಚ್ಚಾಗುವುದರಲ್ಲಿ ಆಶ್ಚರ್ಯವಿಲ್ಲ.

ಪತ್ತೆ ಹಚ್ಚಲು ದುಡ್ಡು ಬೇಡ. ಕಿಟಕಿಯ ತಳದಲ್ಲಿ ‘ಮೂವ್ಸ್’ ಎಂಬ ಪದದ ಮುಂದೆ ನಡೆಗಳ ಸಂಖ್ಯೆ ಕಾಣುತ್ತದೆ. ಹೊಸ ಆಟ ತೆರೆದು, ಒಂದು ಬಾಣವನ್ನು ಒಮ್ಮೆ ಒತ್ತಿ, ಕೈ ತೆಗೆದು ಆ ಸಂಖ್ಯೆಯನ್ನು ನೋಡಿ. 1 ಎಂದಿರಬೇಕಾದಲ್ಲಿ 2 ಎಂದಿದ್ದರೆ ಕಂಪ್ಯೂಟರಿಗೆ ತಲುಪಿದ್ದೇ ಎರಡು ಒತ್ತುಗಳು. ಮೌಸ್ ಬಿಟ್ಟು ಕೀಬೋರ್ಡಿನಿಂದ ಅದೇ ಪಟ್ಟಿಯನ್ನು ಸರಿಸಿ. ಸಂಖ್ಯೆ ಒಂದೊಂದಾಗಿಯೇ ಏರಿದರೆ ಆಟ ನಿರಪರಾಧಿ. ಬಳಿಕ ಪಕ್ಕದ ಕಂಪ್ಯೂಟರಿನ ಮೌಸನ್ನು ಇದಕ್ಕೆ ಜೋಡಿಸಿ ನೋಡಿ. ದೋಷ ಮೌಸಿನೊಂದಿಗೇ ಆಚೆ ಹೋದರೆ ಹೊಸ ಮೌಸ್ ತರುವುದೇ ಪರಿಹಾರ.

ದೋಷ ಒಮ್ಮೊಮ್ಮೆ ಮಾತ್ರ ಕಾಣಿಸಿಕೊಳ್ಳುತ್ತಿದ್ದರೆ ಇನ್ನೂ ಖಚಿತವಾದ ಪರೀಕ್ಷೆ ಬೇಕು. ಗೇಮ್ ಮೆನುವಿನಲ್ಲಿ ‘ಸಾಲ್ವ್’ ಒತ್ತಿ. 1ರಿಂದ 16ರವರೆಗೆ ಬಿಲ್ಲೆಗಳು ಕ್ರಮಕ್ಕೆ ಬರುತ್ತವೆ, ತಳದ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಈಗ ಮೇಲಿನ ಅಡ್ಡಸಾಲನ್ನು ಎಡಕ್ಕೆ, ಎಡಬದಿಯ ಕಂಬಸಾಲನ್ನು ಮೇಲಕ್ಕೆ, ಮತ್ತೆ ಮೇಲಿನ ಅಡ್ಡಸಾಲನ್ನು ಬಲಕ್ಕೆ, ಎಡಬದಿಯ ಕಂಬಸಾಲನ್ನು ಕೆಳಕ್ಕೆ ಸರಿಸಿ. ಈ ನಾಲ್ಕು ನಡೆಗಳಾದ ಮೇಲೆ ಮೂರು ಬಿಲ್ಲೆಗಳು ಮಾತ್ರ ಜಾಗ ಬದಲಿಸಿರಬೇಕು: 1 ಇದ್ದಲ್ಲಿ 2, 2 ಇದ್ದಲ್ಲಿ 5, 5 ಇದ್ದಲ್ಲಿ 1. ಉಳಿದ 13 ಬಿಲ್ಲೆಗಳು ಕದಲಿರಬಾರದು. ಇದೇ ನಾಲ್ಕು ನಡೆಗಳನ್ನು ಇನ್ನೂ ಎರಡು ಸಲ ಮಾಡಿದರೆ ಎಲ್ಲವೂ ಮೊದಲಿನ ಕ್ರಮಕ್ಕೆ ಬರುತ್ತದೆ, ಎಣಿಕೆ 12 ಎಂದು ತೋರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಲ್ಲೆಗಳು ಮೊದಲಿನ ಕ್ರಮಕ್ಕೆ ಬಂದವೆಂಬ ಒಂದೇ ಕಾರಣಕ್ಕೆ ಮೌಸ್ ಸರಿಯಿದೆ ಎಂದು ತೀರ್ಮಾನಿಸಬಾರದು. ಪ್ರತಿಯೊಂದು ಒತ್ತೂ ಎರಡಾಗಿ ಬೀಳುವ ಮೌಸಿನಲ್ಲಿಯೂ ಮೂರನೆಯ ಸುತ್ತಿನ ಕೊನೆಗೆ ಬಿಲ್ಲೆಗಳು ಕ್ರಮಕ್ಕೆ ಬಂದೇ ಬರುತ್ತವೆ; ಆಗ ಎಣಿಕೆ ಮಾತ್ರ 24 ಆಗಿರುತ್ತದೆ. ಒಂದೇ ಪಟ್ಟಿಯನ್ನು ನಾಲ್ಕು ಸಲ ಒಂದೇ ಕಡೆಗೆ ಸರಿಸಿ ನೋಡುವ ಪರೀಕ್ಷೆಯೂ ಇದೇ ಕಾರಣಕ್ಕೆ ದಾರಿ ತಪ್ಪಿಸುತ್ತದೆ, ಏಕೆಂದರೆ ನಾಲ್ಕು ಮನೆಯ ಪಟ್ಟಿ ಎಂಟು ಸಲ ಸರಿದರೂ ಇದ್ದಲ್ಲಿಗೇ ಬರುತ್ತದೆ. ಬಿಲ್ಲೆಗಳ ಸ್ಥಾನ ಆಟದ ಲೆಕ್ಕ ಸರಿಯಿದೆಯೇ ಎಂದು ಹೇಳುತ್ತದೆ. ತಳದ ಸಂಖ್ಯೆ ಮೌಸ್ ಸರಿಯಿದೆಯೇ ಎಂದು ಹೇಳುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು.

ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಈ ತೊಂದರೆ ಕಂಡರೆ, ಬೆರಳು ತಾಗಿದರೆ ಸಾಕು ಒತ್ತಿದಂತಾಗುವ ಆಯ್ಕೆಯನ್ನು ಮೊದಲು ನಿಲ್ಲಿಸಿ ನೋಡಿ. ಅದರಿಂದ ಗುಣ ಕಾಣದಿದ್ದರೆ ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಬದಿಯಿಂದ ಗಮನಿಸಿ. ಟಚ್‌ಪ್ಯಾಡ್ ಉಬ್ಬಿದ್ದರೆ, ತಳ ಮೇಜಿಗೆ ಸರಿಯಾಗಿ ಕೂರದೆ ಅಲುಗಾಡುತ್ತಿದ್ದರೆ, ಒಳಗಿನ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿರುವ ಸಾಧ್ಯತೆ ಇದೆ. ಇಂಥ ಲ್ಯಾಪ್‌ಟಾಪನ್ನು ಕೂಡಲೇ ಆರಿಸಿ, ಚಾರ್ಜರ್ ತೆಗೆಯಿರಿ, ಮತ್ತೆ ಚಾರ್ಜ್ ಮಾಡಬೇಡಿ. ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಮನೆಯಲ್ಲೇ ಬಿಚ್ಚುವುದು ಸರ್ವಥಾ ಕೂಡದು. ಊದಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಮಕ್ಕಳ ಕೈಗೆ ಸಿಗದ, ಸುತ್ತಮುತ್ತ ಕಾಗದ ಬಟ್ಟೆಗಳಿಲ್ಲದ ಕಡೆ ಇಟ್ಟು, ದುರಸ್ತಿ ಬಲ್ಲವರಿಗೆ ತಿಳಿಸಿ.

ಎಲ್ಲ ಜೋಡಿಸಿದ ಮೇಲೆ ಎರಡು ಬಿಲ್ಲೆಗಳು ಮಾತ್ರ ಅದಲುಬದಲಾಗಿ ಉಳಿಯುತ್ತವೆ

ಅತ್ಯಂತ ಹೆಚ್ಚು ಬರುವ ದೂರು ಇದೇ. 15 ಮತ್ತು 16 ಮಾತ್ರ ಹಿಂದುಮುಂದಾಗಿ ನಿಂತಿರುತ್ತವೆ, ಎಷ್ಟು ಹೊತ್ತು ಗುದ್ದಾಡಿದರೂ ಸರಿಹೋಗುವುದಿಲ್ಲ. ಕಂಪ್ಯೂಟರ್ ಬಿಡಿಸಲಾಗದ ಲೆಕ್ಕ ಕೊಟ್ಟಿದೆ ಎಂದು ಮಕ್ಕಳು ಕೈಚೆಲ್ಲುತ್ತಾರೆ. ಈ ನಂಬಿಕೆಗೆ ಒಂದು ಮೂಲವಿದೆ. ಒಂದು ಖಾಲಿ ಮನೆಯಿರುವ, 15 ಬಿಲ್ಲೆಗಳ ಹಳೆಯ ಆಟದಲ್ಲಿ 14 ಮತ್ತು 15 ಮಾತ್ರ ಅದಲುಬದಲಾಗಿದ್ದರೆ ಅದನ್ನು ಬಿಡಿಸಲು ಸಾಧ್ಯವೇ ಇಲ್ಲ. ಜಾನ್ಸನ್ ಮತ್ತು ಸ್ಟೋರಿ ಎಂಬವರು ಇದನ್ನು 1879ರಲ್ಲಿ ಅಮೆರಿಕನ್ ಜರ್ನಲ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಸಾಧಿಸಿ ತೋರಿಸಿದರು. ಆದರೆ ಆ ತೀರ್ಮಾನವನ್ನು ಪಟ್ಟಿ ಸರಿಸುವ ಆಟಕ್ಕೆ ಹಾಗೆಯೇ ಎತ್ತಿ ತರುವಂತಿಲ್ಲ.

ಇಲ್ಲಿ ನೋಡಬೇಕಾದದ್ದು ಪಟ್ಟಿಯಲ್ಲಿರುವ ಮನೆಗಳ ಸಂಖ್ಯೆ. ನಾಲ್ಕು ಬಿಲ್ಲೆಗಳ ಪಟ್ಟಿಯನ್ನು ಒಂದು ಮನೆ ಸರಿಸುವುದೆಂದರೆ ಎರಡೆರಡು ಬಿಲ್ಲೆಗಳನ್ನು ಮೂರು ಸಲ ಅದಲುಬದಲು ಮಾಡಿದ್ದಕ್ಕೆ ಸಮ, ಮೂರು ಬೆಸಸಂಖ್ಯೆ. ಆದ್ದರಿಂದ ಬದಿಗೆ ನಾಲ್ಕು ಮನೆಯ ಚೌಕದಲ್ಲಿ ಪ್ರತಿಯೊಂದು ನಡೆಯೂ ಜೋಡಣೆಯನ್ನು (ಅಂದರೆ ಅದನ್ನು ಕ್ರಮಕ್ಕೆ ತರಲು ಬೇಕಾದ ಅದಲುಬದಲುಗಳ ಸಂಖ್ಯೆಯನ್ನು) ಸಮದಿಂದ ಬೆಸಕ್ಕೆ, ಬೆಸದಿಂದ ಸಮಕ್ಕೆ ತಿರುಗಿಸುತ್ತದೆ, ಹಾಗಾಗಿ ಯಾವ ಜೋಡಣೆಯೂ ತಲುಪಲಾಗದ್ದಲ್ಲ. ಎರಡು ಬಿಲ್ಲೆಗಳು ಅದಲುಬದಲಾಗಿ ಉಳಿದಿವೆ ಎಂಬುದರ ಅರ್ಥ ಇಷ್ಟೇ: ಇನ್ನು ಬಾಕಿಯಿರುವ ನಡೆಗಳ ಸಂಖ್ಯೆ ಬೆಸವಾಗಿರಲೇಬೇಕು. ಮೇಲೆ ಹೇಳಿದ ನಾಲ್ಕು ನಡೆಗಳ ತಂತ್ರ ಮೂರು ಬಿಲ್ಲೆಗಳನ್ನು ತಿರುಗಿಸುತ್ತದೆ, ಮತ್ತು ನಾಲ್ಕು ಸಮಸಂಖ್ಯೆ. ಆ ತಂತ್ರವೊಂದನ್ನೇ ಬಳಸುತ್ತಾ ಕುಳಿತರೆ ಯುಗ ಕಳೆದರೂ ಈ ಜೋಡಿ ಸರಿಹೋಗದು. ಹಾಗಾಗಿ ಮೊದಲು ತಳದ ಅಡ್ಡಸಾಲನ್ನು ಒಂದೇ ಒಂದು ಮನೆ ಸರಿಸಿಬಿಡಿ. ನೋಡಲು ಕೆಟ್ಟಂತೆ ಕಂಡರೂ ಲೆಕ್ಕ ಈಗ ಸಮಕ್ಕೆ ಬಂದಿರುತ್ತದೆ. ಅನಂತರ ಮೂರು ಬಿಲ್ಲೆಗಳ ತಂತ್ರದಿಂದ ತಳದ ಸಾಲನ್ನು ತಾಳ್ಮೆಯಿಂದ ಜೋಡಿಸಿಕೊಳ್ಳಿ. ತಂತ್ರವನ್ನು ಬೇರೆ ಸಾಲಿಗೆ ಅನ್ವಯಿಸುವಾಗ ತಿರುಗುವುದು ಆ ಅಡ್ಡಸಾಲು ಮತ್ತು ಕಂಬಸಾಲು ಸೇರುವ ಮನೆಯ ಬಿಲ್ಲೆ ಹಾಗೂ ಅದರ ನೆರೆಯ ಎರಡು ಬಿಲ್ಲೆಗಳು ಎಂಬುದು ನೆನಪಿರಲಿ.

ಬದಿಗೆ ಮೂರು ಮನೆ ಅಥವಾ ಐದು ಮನೆಯ ಚೌಕವಾದರೆ ಕತೆ ಬೇರೆ. ಮೂರು ಬಿಲ್ಲೆಗಳ ಪಟ್ಟಿ ಸರಿಯುವುದು ಎರಡು ಅದಲುಬದಲಿಗೆ, ಐದರದ್ದು ನಾಲ್ಕು ಅದಲುಬದಲಿಗೆ ಸಮ, ಎರಡೂ ಸಮಸಂಖ್ಯೆಗಳೇ. ಆದ್ದರಿಂದ ಮೂರು ಮನೆಯ ಚೌಕದಲ್ಲಿ ಸಾಧ್ಯವಿರುವ 3,62,880 ಜೋಡಣೆಗಳಲ್ಲಿ ಅರ್ಧ, ಅಂದರೆ 1,81,440 ಮಾತ್ರ ಬಿಡಿಸಬಲ್ಲವು. ಸಿಕ್ಸ್‌ಟೀನ್ ಆಟ ಇದನ್ನು ಅರಿತೇ ಬಿಲ್ಲೆಗಳನ್ನು ಕಲಸುವುದರಿಂದ ಅದು ತಾನಾಗಿ ಕೊಟ್ಟ ಲೆಕ್ಕದಲ್ಲಿ ಎರಡೇ ಬಿಲ್ಲೆಗಳು ಹಿಂದುಮುಂದಾಗಿ ಉಳಿಯುವಂತಿಲ್ಲ. ಬೆಸಮನೆಯ ಚೌಕದಲ್ಲಿ ಹಾಗೆ ಉಳಿದಿದ್ದರೆ, ಲೆಕ್ಕವನ್ನು ಯಾರಾದರೂ ಕೈಯಿಂದ ಟೈಪ್ ಮಾಡಿ ಕೊಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ.

ನಡೆಗಳ ಎಣಿಕೆ ನಿಂತುಹೋಗಿದೆ

‘ಸಾಲ್ವ್’ ಒತ್ತದೆ ಆಟಗಾರನೇ ಆಟವನ್ನು ಒಮ್ಮೆ ಮುಗಿಸಿದ ಮೇಲೆ ಎಷ್ಟು ಸರಿಸಿದರೂ, ಮುಗಿದಾಗ ಇದ್ದ ಸಂಖ್ಯೆಯೇ ಉಳಿಯುತ್ತದೆ. ಅದು ಆಟಗಾರನ ಅಂಕ, ದೋಷವಲ್ಲ. ‘ಸಾಲ್ವ್’ ಅಕಸ್ಮಾತ್ ಒತ್ತಿ ಆಟ ಕಳೆದುಹೋಯಿತೆಂದು ಅಳುವ ಮಗುವಿಗೆ ಯು ಕೀಲಿಯನ್ನು ತೋರಿಸಿ. ಬಿಡಿಸುತ್ತಿದ್ದ ಸ್ಥಿತಿ ಹಾಗೆಯೇ ಮರಳುತ್ತದೆ.

ಒಂದೇ ಲೆಕ್ಕ ಕೊಟ್ಟರೂ ಎರಡು ಕಂಪ್ಯೂಟರುಗಳಲ್ಲಿ ಬೇರೆ ಬೇರೆ ಬರುತ್ತದೆ. ಉಳಿಸಿದ ಆಟ ತೆರೆಯುವುದಿಲ್ಲ

ಇಡೀ ತರಗತಿಗೆ ಒಂದೇ ಲೆಕ್ಕ ಕೊಡಬಯಸುವ ಶಿಕ್ಷಕರು ಗೇಮ್ ಮೆನುವಿನಿಂದ ಲೆಕ್ಕದ ಗುರುತನ್ನು ನಕಲು ಮಾಡಿ ಹಂಚುತ್ತಾರೆ. ಆ ಗುರುತು ಎರಡು ಬಗೆಯದು. ಚೌಕದ ಅಳತೆಯ ಮುಂದೆ ಹ್ಯಾಶ್ ಚಿಹ್ನೆ ಇದ್ದರೆ ಅದು ಕಲಸುವುದಕ್ಕೆ ಬಳಸುವ ಬೀಜಸಂಖ್ಯೆ. ತಂತ್ರಾಂಶದ ಆವೃತ್ತಿ ಬೇರೆಯಾದರೆ ಲೆಕ್ಕವೂ ಬೇರೆಯಾಗಬಹುದು. ಅಳತೆಯ ಮುಂದೆ ಎರಡು ಚುಕ್ಕೆಗಳ ಕೋಲನ್ ಇದ್ದರೆ ಬಿಲ್ಲೆಗಳ ಜೋಡಣೆಯನ್ನೇ ಒಂದೊಂದಾಗಿ ಬರೆದಿರುತ್ತದೆ. ತರಗತಿಗೆ ಎರಡನೆಯದನ್ನೇ ಕೊಡಿ. ಅದನ್ನು ಟೈಪ್ ಮಾಡುವಾಗಲೂ ಕೀಬೋರ್ಡ್ ಇಂಗ್ಲಿಷಿನಲ್ಲಿರಬೇಕು. ಕೆಲವು ಭಾರತೀಯ ವಿನ್ಯಾಸಗಳಲ್ಲಿ 1 ಒತ್ತಿದರೆ ೧ ಬೀಳುತ್ತದೆ, ಆಟಕ್ಕೆ ಅದು ಅಂಕಿಯಲ್ಲ.

ಕಂಪ್ಯೂಟರಿನಲ್ಲಿ ಈ ಆಟ ಮುಚ್ಚಿದಾಗ ತಾನಾಗಿ ಉಳಿಯುವುದಿಲ್ಲ, ‘ಸೇವ್’ ಮಾಡಬೇಕು. ಉಳಿಸಿದ ಕಡತ ಸಾದಾ ಪಠ್ಯವೇ ಆಗಿದ್ದು, ಪ್ರತಿ ಸಾಲಿನಲ್ಲಿ ಮುಂದೆ ಬರುವ ಪಠ್ಯಕ್ಕೆ ಎಷ್ಟು ಅಕ್ಷರ ಎಂಬ ಸಂಖ್ಯೆ ಇರುತ್ತದೆ. ಮೊದಲ ಸಾಲಿನ 41 ಎಂಬುದು ಸಂಗ್ರಹದ ಇಂಗ್ಲಿಷ್ ಹೆಸರಿನ ಉದ್ದ. ಕುತೂಹಲಕ್ಕೆ ಕಡತವನ್ನು ತೆರೆದು ಒಂದಕ್ಷರ ಕೂಡಿಸಿ ಉಳಿಸಿದರೂ ಎಣಿಕೆ ತಪ್ಪಿ ಆಟ ಅದನ್ನು ತಿರಸ್ಕರಿಸುತ್ತದೆ. ಕಡತವನ್ನು ಓದಿ ನೋಡಲು ಅಡ್ಡಿಯಿಲ್ಲ, ತಿದ್ದದಿರಿ.

ಒಂದೇ ಅಂಕಿ ಎರಡು ಕಡೆ ಕಾಣುತ್ತದೆ, ಇನ್ನೊಂದು ಅಂಕಿ ಮಾಯವಾಗಿದೆ

ಸಿಕ್ಸ್‌ಟೀನಿನಲ್ಲಿ ಹೀಗಾಗುವುದಿಲ್ಲ; ಆದರೆ ಶಾಲೆಗಳ ಐಟಿ ಕೂಟವಾದ ಲಿಟ್ಲ್ ಕೈಟ್ಸ್‌ನ ಮಕ್ಕಳು ಸ್ಕ್ರ್ಯಾಚ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಾವೇ ಬರೆದ ಆಟದಲ್ಲಿ ಕಂಡುಬರುವುದು ಸಹಜ, ಅದಕ್ಕಾಗಿ ಇಲ್ಲಿ ಸೇರಿಸಿದ್ದೇನೆ. 1, 2, 3, 4 ಇರುವ ಸಾಲನ್ನು ಎಡಕ್ಕೆ ಸರಿಸಿದಾಗ 2, 3, 4, 1 ಆಗುವ ಬದಲು 2, 3, 4, 2 ಆದರೆ ಕಾರಣ ಸ್ಪಷ್ಟ. ಮೊದಲ ಮನೆಗೆ ಎರಡನೆಯದನ್ನು ಬರೆದ ಕೂಡಲೇ ಅಲ್ಲಿದ್ದ 1 ಅಳಿಸಿಹೋಯಿತು. ಕೊನೆಯ ಮನೆಗೆ ಮೊದಲ ಮನೆಯದನ್ನು ಹಾಕುವ ಹೊತ್ತಿಗೆ ಅಲ್ಲಿ ಇದ್ದದ್ದು 2. ಸರಿಸಲು ಆರಂಭಿಸುವ ಮೊದಲೇ ಅಂಚಿನ ಬಿಲ್ಲೆಯನ್ನು ಬೇರೊಂದು ಚರದಲ್ಲಿ (ವೇರಿಯಬಲ್) ತೆಗೆದಿಟ್ಟು, ಕೊನೆಯಲ್ಲಿ ಅದನ್ನೇ ಖಾಲಿಯಾದ ತುದಿಗೆ ಹಾಕಬೇಕು.

ಮಕ್ಕಳ ಆಟದಲ್ಲಿ ಇನ್ನೊಂದು ದೋಷ ಕಣ್ಣಿಗೆ ಬೀಳದೆ ಉಳಿಯುತ್ತದೆ. ಮೂರು ಮನೆಯ ಚೌಕಕ್ಕೆ 1ರಿಂದ 9ರವರೆಗಿನ ಅಂಕಿಗಳನ್ನು ಮನಬಂದಂತೆ ಹಂಚಿದರೆ, ಮೇಲೆ ಹೇಳಿದ ಕಾರಣಕ್ಕೆ ಎರಡರಲ್ಲೊಂದು ಸಲ ಬಿಡಿಸಲಾಗದ ಲೆಕ್ಕ ಹುಟ್ಟುತ್ತದೆ. ಕ್ರಮವಾಗಿ ಜೋಡಿಸಿದ ಚೌಕದಿಂದಲೇ ಆರಂಭಿಸಿ, ಆಟದ ನಿಯಮದ ನಡೆಗಳನ್ನೇ ಯಾದೃಚ್ಛಿಕವಾಗಿ ಹಲವು ಸಲ ನಡೆಸಿ ಕಲಸಿದರೆ ಈ ಅಪಾಯವಿಲ್ಲ. ಈ ದೋಷವನ್ನು ಶಿಕ್ಷಕರು ತಾವೇ ತಿದ್ದಿಕೊಡುವುದಕ್ಕಿಂತ, ಸಮ ಮತ್ತು ಬೆಸದ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ ಕಾರಣ ಕಂಡುಹಿಡಿಯಲು ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಪಾಠದಲ್ಲಿ ಒಣ ಮಾತಾಗಿ ಉಳಿಯುವ ಸಮಬೆಸ ಇಲ್ಲಿ ಕೈಗೆ ತಾಗುತ್ತದೆ.

ಆಟ ತೆರೆಯುವುದೇ ಇಲ್ಲ, ಅಥವಾ ತಡೆತಡೆದು ಸರಿಯುತ್ತದೆ

ಇದು ತೀರಾ ಚಿಕ್ಕ ತಂತ್ರಾಂಶ; ಹಳೆಯ ಕಂಪ್ಯೂಟರಿನಲ್ಲಿಯೂ ಹಗುರವಾಗಿ ನಡೆಯುತ್ತದೆ. ಹಾಗಾಗಿ ತಡೆತಡೆದು ಸರಿದರೆ ಆಟವನ್ನು ಬಿಟ್ಟು ಉಳಿದದ್ದನ್ನು ನೋಡಿ: ಹಿಂದೆ ತೆರೆದಿಟ್ಟ ಬ್ರೌಸರ್ ಕಿಟಕಿಗಳನ್ನು ಮುಚ್ಚಿ, ಡಿಸ್ಕ್ ತುಂಬಿದೆಯೇ ಎಂದು ಪರಿಶೀಲಿಸಿ, ಒಮ್ಮೆ ಕಂಪ್ಯೂಟರನ್ನು ಮರುಪ್ರಾರಂಭಿಸಿ. ಪಠ್ಯ ಬರೆಯುವ ತಂತ್ರಾಂಶವೂ ಹಾಗೆಯೇ ತಡವರಿಸುತ್ತಿದ್ದರೆ ಚಿಕಿತ್ಸೆ ಬೇಕಾದದ್ದು ಯಂತ್ರಕ್ಕೆ. ಆಟ ತೆರೆಯದಿದ್ದರೆ ಟರ್ಮಿನಲಿನಿಂದ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಿಂದ, ಚಾಲನೆ ಮಾಡಿ, ಅಲ್ಲಿ ಬರುವ ಸಂದೇಶವನ್ನು ಅಕ್ಷರಶಃ ಬರೆದಿಟ್ಟುಕೊಳ್ಳಿ. ತಂತ್ರಾಂಶವನ್ನು ತೆಗೆದು ಮರುಸ್ಥಾಪಿಸುವ ಸರದಿ ಬರುವುದು ಇದೆಲ್ಲ ಆದ ಮೇಲೆ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಸುಟ್ಟ ವಾಸನೆ, ಯುಪಿಎಸ್‌ನ ಬಿಡದ ಕೂಗು, ಕಂಪ್ಯೂಟರಿನ ಲೋಹದ ಪೆಟ್ಟಿಗೆ ಮುಟ್ಟಿದಾಗ ಜುಮ್ಮೆನ್ನುವಿಕೆ ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆಗಳನ್ನು ಅಲ್ಲಿಗೇ ಬಿಡಿ. ಗೋಡೆಯ ಸ್ವಿಚ್ಚನ್ನು ಆರಿಸಿ, ಮಕ್ಕಳನ್ನು ದೂರ ಸರಿಸಿ, ಭೂಸಂಪರ್ಕವನ್ನು (ಅರ್ಥಿಂಗ್) ವಿದ್ಯುತ್ ಕೆಲಸ ಬಲ್ಲವರಿಂದ ಪರೀಕ್ಷೆ ಮಾಡಿಸಿ. ಕಂಪ್ಯೂಟರಿನೊಳಗಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನೂ ಹಳೆಯ ಕೊಳವೆ ಮಾನಿಟರನ್ನೂ ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಅವುಗಳೊಳಗೆ ವಿದ್ಯುತ್ ಉಳಿದಿರುತ್ತದೆ. ಮಳೆಗಾಲ ಹಿಡಿಯುವ ಮುನ್ನ ಮೇ ತಿಂಗಳಲ್ಲಿ, ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಗುಡುಗು ಸಿಡಿಲು ಶುರುವಾಗುವ ಮೊದಲೇ ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು. ಸಿಡಿಲು ನಡೆಯುತ್ತಿರುವಾಗ ಅವನ್ನು ಮುಟ್ಟಬಾರದು.

ಮೌಸ್ ಬದಲಿಸಿದರೂ ಹನ್ನೆರಡು ನಡೆಗಳ ಪರೀಕ್ಷೆಯಲ್ಲಿ ಬಿಲ್ಲೆಗಳು ಕ್ರಮಕ್ಕೆ ಬರದಿದ್ದರೆ, ಅಥವಾ ಬೆಸಮನೆಯ ಚೌಕದಲ್ಲಿ ಆಟವೇ ಕೊಟ್ಟ ಲೆಕ್ಕ ಎರಡು ಬಿಲ್ಲೆಗಳ ಅದಲುಬದಲಿನಲ್ಲಿ ನಿಂತರೆ, ಆಗ ಮಾತ್ರ ತಂತ್ರಾಂಶವನ್ನು ಸಂಶಯಿಸಲು ಆಧಾರ ಸಿಕ್ಕಂತೆ. ಆ ಸ್ಥಿತಿಯನ್ನು ಮುಚ್ಚದೆ ‘ಸೇವ್’ ಮಾಡಿ. ಉಳಿಸಿದ ಕಡತ, ಕೋಲನ್ ಇರುವ ಲೆಕ್ಕದ ಗುರುತು, ಹೆಲ್ಪ್ ಮೆನುವಿನ ‘ಅಬೌಟ್’ನಲ್ಲಿ ಕಾಣುವ ಆವೃತ್ತಿಯ ಸಂಖ್ಯೆ, ಯಾವ ಬಾಣವನ್ನು ಯಾವ ಕ್ರಮದಲ್ಲಿ ಒತ್ತಲಾಯಿತು ಎಂಬ ವಿವರ ಈ ನಾಲ್ಕನ್ನೂ ಒಟ್ಟಿಗೆ ಕೊಟ್ಟರೆ, ಶಾಲೆಯ ಐಟಿ ಸಂಯೋಜಕರಾಗಲಿ ತಂತ್ರಾಂಶ ಬರೆದವರಾಗಲಿ ತಮ್ಮ ಕಂಪ್ಯೂಟರಿನಲ್ಲಿ ಅದೇ ಸ್ಥಿತಿಯನ್ನು ತೆರೆದು ಪರಿಶೀಲಿಸಬಹುದು.